ಕಾರಿನ ಹಾರನ್ ಏಕೆ ಮೂಕವಾಯಿತು?

ಕಾವೇರಿಯ ದಡದಲ್ಲಿರುವ ಕೊಣನೂರಿನಲ್ಲಿ ನನ್ನ ಮಿತ್ರರೊಬ್ಬರಿದ್ದಾರೆ. ತಮ್ಮ ಹಳೆಯ ಕಾರಿನ ಹಾರನ್ನಿನ ದನಿ ಕ್ಷೀಣಿಸಿತೆಂದು ಅವರು ಹಾಸನದಿಂದ ಒಂದು ಜೊತೆ ಹೊಸ ಹಾರನ್ನುಗಳನ್ನು ತಂದು, ಹಳೆಯದಿದ್ದ ಸ್ಥಳದಲ್ಲಿ ತಾವೇ ಜೋಡಿಸಿದರು. ಅಂದು ಅವು ಗಟ್ಟಿಯಾಗಿಯೇ ಕೂಗಿದವು. ಮಳೆಗಾಲ ಕಳೆದ ಮೇಲೆ ಒಂದು ದಿನ ಅವರು ರಾಮನಾಥಪುರದ ಹೊಗೆಸೊಪ್ಪಿನ ಹರಾಜಿಗೆ ಹೊರಟಿದ್ದರು. ತಿರುವಿನಲ್ಲಿ ಸೈಕಲ್ಲಿನ ಮೇಲಿದ್ದ ಬಾಲಕನೊಬ್ಬನು ಗದ್ದೆಯ ದಾರಿಯಿಂದ ಹಠಾತ್ತನೆ ರಸ್ತೆಗೆ ಬಂದನು. ಮಿತ್ರರು ಗುಂಡಿಯನ್ನೊತ್ತಿದರು. ಹೊರಬಂದುದು "ಟಿಕ್" ಎಂಬ ಸಣ್ಣ ಸದ್ದು ಮಾತ್ರ! ಬ್ರೇಕು ಸಕಾಲದಲ್ಲಿ ಹಿಡಿದುದರಿಂದ ಅನಾಹುತವು ತಪ್ಪಿತು.

ಮನೆಗೆ ಬಂದೊಡನೆ ಅವರು ಹಾರನ್ನುಗಳ ತಂತಿಗಳನ್ನು ಬಿಚ್ಚಿ, ಆ ತಂತಿಗಳ ನಡುವೆ ಪುಟ್ಟ ದೀಪವೊಂದನ್ನಿಟ್ಟು, ಗುಂಡಿಯನ್ನೊತ್ತಿಸಿ ನೋಡಿದರು. ದೀಪವು ಪ್ರಕಾಶಮಾನವಾಗಿ ಉರಿಯಿತು. "ವಿದ್ಯುತ್ತು ಬರುತ್ತಿದೆ, ಆದುದರಿಂದ ಹಾರನ್ನುಗಳೇ ಕೆಟ್ಟಿವೆ" ಎಂದು ತೀರ್ಮಾನಿಸಿ, ಇನ್ನೊಂದು ಜೊತೆ ಕೊಳ್ಳಲು ಸಿದ್ಧರಾದರು. ಈ ತೀರ್ಮಾನವು ಸರಿಯೆ? ಪ್ರೌಢಶಾಲೆಯಲ್ಲಿ ನಾವು ಕಲಿಯುವ ಓಮನ ನಿಯಮವೊಂದೇ ಇದಕ್ಕೆ ಉತ್ತರ ಕೊಡಬಲ್ಲದು.

ಹಾರನ್ನಿನ ರಚನೆ

ಹಾರನ್ನಿನೊಳಗೆ ತಂತಿಯ ಸುರುಳಿಯುಳ್ಳ ಒಂದು ವಿದ್ಯುತ್ಕಾಂತವಿರುತ್ತದೆ. ಅದರೆದುರಿಗೆ ಉಕ್ಕಿನ ತೆಳುವಾದ ತಗಡು, ಆ ತಗಡಿನ ನಡುವೆ ಕಬ್ಬಿಣದ ತುಂಡು ಇರುತ್ತವೆ. ಪ್ರವಾಹವು ಹರಿದಾಗ ವಿದ್ಯುತ್ಕಾಂತವು ಕಬ್ಬಿಣವನ್ನು ತನ್ನೆಡೆಗೆ ಸೆಳೆಯುತ್ತದೆ. ಹಾಗೆ ಸರಿಯುವ ಕಬ್ಬಿಣವು ಎರಡು ಸಂಪರ್ಕಬಿಂದುಗಳನ್ನು ಬೇರ್ಪಡಿಸುವುದರಿಂದ ಪ್ರವಾಹವು ನಿಲ್ಲುತ್ತದೆ; ತಗಡು ಹಿಂದಕ್ಕೆ ಚಿಮ್ಮುತ್ತದೆ; ಸಂಪರ್ಕವು ಮತ್ತೆ ಕೂಡುತ್ತದೆ. ಈ ಕ್ರಿಯೆಯು ಸೆಕೆಂಡಿಗೆ ಸುಮಾರು 400 ಬಾರಿ ನಡೆಯುವುದರಿಂದ ನಮಗೆ ನಾದವು ಕೇಳಿಬರುತ್ತದೆ. ಶಾಲೆಯ ವಿದ್ಯುತ್ ಗಂಟೆಯ ತತ್ವವೂ ಇದೇ.

ಸೆಳೆತವು ಸಾಲದೆ ಹೋದರೆ ಸಂಪರ್ಕಬಿಂದುಗಳು ಬೇರ್ಪಡುವುದಿಲ್ಲ. ಆಗ ತಗಡು ಒಮ್ಮೆ ಅಲುಗಿ ಸುಮ್ಮನಾಗುತ್ತದೆ. "ಟಿಕ್" ಎಂಬ ಸದ್ದಿನ ಅರ್ಥವಿದು.

ದೀಪವು ಹೇಳಿದ ಅರ್ಧಸತ್ಯ

ಒಂದೊಂದು ಹಾರನ್ನಿಗೆ 12 ವೋಲ್ಟಿನಲ್ಲಿ 5 ಆಂಪಿಯರ್ ಪ್ರವಾಹ ಬೇಕೆಂದು ಭಾವಿಸೋಣ. ಜೊತೆಗೆ 10 ಆಂಪಿಯರ್. ಎಂದರೆ ಎರಡೂ ಸೇರಿ ಸುಮಾರು 1.2 ಓಮ್ ರೋಧವಿದ್ದಂತೆ. ಈಗ ದಾರಿಯಲ್ಲೆಲ್ಲೋ ತುಕ್ಕು ಸೇರಿ 0.8 ಓಮ್ ರೋಧವು ಅಧಿಕವಾಯಿತೆನ್ನಿರಿ. ಒಟ್ಟು ರೋಧವು 2 ಓಮ್. ಪ್ರವಾಹವು 6 ಆಂಪಿಯರ್ ಮಾತ್ರ. ಹಾರನ್ನುಗಳಿಗೆ ದೊರೆಯುವುದು 7.2 ವೋಲ್ಟ್, ಉಳಿದ 4.8 ವೋಲ್ಟ್ ದಾರಿಯಲ್ಲಿಯೇ ವ್ಯಯವಾಗುತ್ತದೆ. ವಿದ್ಯುತ್ಕಾಂತದ ಸೆಳೆತವು ಸ್ಥೂಲವಾಗಿ ಪ್ರವಾಹದ ವರ್ಗವನ್ನು ಅನುಸರಿಸುವುದರಿಂದ, ಆರು ಹತ್ತರಷ್ಟು ಪ್ರವಾಹಕ್ಕೆ ಸೆಳೆತವು ಮೂರರಲ್ಲೊಂದು ಪಾಲಿಗೆ ಸಮೀಪವಾಗಿ ಇಳಿಯುತ್ತದೆ!

ದೀಪದ ಸಂಗತಿಯೇನು? ಅದರ ರೋಧವು 60 ಓಮ್ ಎಂದಿಟ್ಟುಕೊಳ್ಳಿ. ಅದು ಸೆಳೆಯುವುದು 0.2 ಆಂಪಿಯರ್ ಮಾತ್ರ. ಅಷ್ಟು ಅಲ್ಪ ಪ್ರವಾಹಕ್ಕೆ 0.8 ಓಮಿನಲ್ಲಿ ವ್ಯಯವಾಗುವುದು 0.16 ವೋಲ್ಟ್. ಆದುದರಿಂದ ದೀಪಕ್ಕೆ ತುಕ್ಕಿನ ಸುಳಿವೇ ಸಿಗುವುದಿಲ್ಲ. ಬಿಚ್ಚಿದ ತಂತಿಗಳಿಗೆ ವೋಲ್ಟ್‌ಮಾಪಕವನ್ನಿಟ್ಟರೂ ಇದೇ ಮೋಸ; ಅದು ಸೆಳೆಯುವ ಪ್ರವಾಹವು ಇನ್ನೂ ಅತ್ಯಲ್ಪ. ಕೊಟ್ಟಿಗೆಯಲ್ಲಿ ನಿಂತ ಎತ್ತಿನ ಬಲವನ್ನು ನೋಟದಿಂದ ತಿಳಿಯಲಾದೀತೆ? ನೊಗಕ್ಕೆ ಹೂಡಿದಾಗಲೇ ಅದು ಗೊತ್ತಾಗುವುದು. ವಿದ್ಯುನ್ಮಂಡಲವನ್ನೂ ಹೊರೆಯಿರುವಾಗಲೇ ಪರೀಕ್ಷಿಸಬೇಕು.

ದೋಷವನ್ನು ಹುಡುಕುವ ಕ್ರಮ

ಹಾರನ್ನುಗಳನ್ನು ಮತ್ತೆ ಜೋಡಿಸಿ, ಒಬ್ಬರು ಗುಂಡಿಯನ್ನೊತ್ತಿ ಹಿಡಿದಿರುವಾಗ ನಾವು ನಾಲ್ಕು ಕಡೆ ವೋಲ್ಟುಗಳನ್ನು ಅಳೆದೆವು. ಬ್ಯಾಟರಿಯ ಎರಡು ಧ್ರುವಗಳ ನಡುವೆ 12; ಬ್ಯಾಟರಿಯ ಧನಧ್ರುವದಿಂದ ಹಾರನ್ನಿನ ಒಳಬರುವ ತುದಿಯವರೆಗೆ 0.4, ಹಾರನ್ನಿನ ಎರಡು ತುದಿಗಳ ನಡುವೆ 7.2, ಹಾರನ್ನಿನ ಇನ್ನೊಂದು ತುದಿಯಿಂದ ಬ್ಯಾಟರಿಯ ಋಣಧ್ರುವದವರೆಗೆ 4.4. ಕೊನೆಯ ಮೂರನ್ನು ಕೂಡಿದರೆ ಮೊದಲಿನದು ಬರುತ್ತದೆ. 1845ರಲ್ಲಿ ಕಿರ್ಖಾಫನು ನಿರೂಪಿಸಿದ ನಿಯಮವೇ ಇದು.

ಕಳ್ಳನು ಸಿಕ್ಕಿಬಿದ್ದನು! ಹೋಗುವ ದಾರಿಯಲ್ಲಿ ದೋಷವಿಲ್ಲ, ಮರಳುವ ದಾರಿಯಲ್ಲಿದೆ. ಕಾರಿನಲ್ಲಿ ಪ್ರವಾಹವು ಸಾಮಾನ್ಯವಾಗಿ ಕಾರಿನ ಲೋಹದ ಮೈಯ ಮೂಲಕವೇ ಬ್ಯಾಟರಿಗೆ ಮರಳುತ್ತದೆ. ಇದಕ್ಕೆ ಅರ್ತ್ ಎಂದು ಹೆಸರು. ಮಿತ್ರರು ಅರ್ತ್ ತಂತಿಯನ್ನು ಬಣ್ಣ ಬಳಿದ ತಗಡಿನ ಮೇಲೆಯೇ ತಿರುಪಿನಿಂದ ಬಿಗಿದಿದ್ದರು. ತಿರುಪಿನ ಎಳೆಗಳಷ್ಟೇ ಲೋಹಕ್ಕೆ ತಾಗಿದ್ದವು. ಮಳೆಯ ತೇವದಿಂದ ಅವಕ್ಕೂ ತುಕ್ಕು ಹಿಡಿದಿತ್ತು. ತಗಡನ್ನು ಉಪ್ಪುಕಾಗದದಿಂದ ಹೊಳೆಯುವಂತೆ ಉಜ್ಜಿ, ಹೊಸ ತಿರುಪಿನಿಂದ ಬಿಗಿದು, ಮೇಲೆ ಗ್ರೀಸು ಸವರಿದೆವು. ಹಾರನ್ನುಗಳಿಗೆ 11 ವೋಲ್ಟಿಗೂ ಹೆಚ್ಚು ದೊರೆಯಿತು. ಅವು ಒಮ್ಮೆಗೇ ಕೂಗಿದವು. ತಗುಲಿದ ವೆಚ್ಚ ಒಂದು ತಿರುಪು!

ರಿಲೇ ಮತ್ತು ಫ್ಯೂಸು

ಒಂದು ಹಾರನ್ನಿಗಾಗಿ ಮಾಡಿದ ಗುಂಡಿಯ ಮೂಲಕ ಎರಡರ ಪ್ರವಾಹವನ್ನು ಹರಿಸಿದರೆ ಕಿಡಿಯಿಂದ ಅದರ ಸಂಪರ್ಕವು ಸವೆಯುತ್ತದೆ. ಆದುದರಿಂದ ಜೋಡಿಗೆ ರಿಲೇ ಹಾಕುವುದು ಒಳ್ಳೆಯದು. ಗುಂಡಿಯು ರಿಲೇಯ ಸುರುಳಿಗೆ ಅಲ್ಪ ಪ್ರವಾಹವನ್ನು ಮಾತ್ರ ಕಳುಹಿಸುತ್ತದೆ. ದೊಡ್ಡ ಪ್ರವಾಹವು ರಿಲೇಯ ಮೂಲಕ ಬ್ಯಾಟರಿಯಿಂದ ನೇರವಾಗಿ ಹಾರನ್ನುಗಳಿಗೆ ಹೋಗುತ್ತದೆ. ಈ ತಂತಿಯಲ್ಲಿ, ಬ್ಯಾಟರಿಯ ಸಮೀಪದಲ್ಲಿಯೇ, ತಂತಿಯ ದಪ್ಪಕ್ಕೆ ತಕ್ಕ ಫ್ಯೂಸು ಇರಲೇಬೇಕು. ಸುಟ್ಟ ಫ್ಯೂಸಿನ ಬದಲಿಗೆ ದಪ್ಪ ತಂತಿಯನ್ನು ಸುತ್ತುವುದು ಬೆಂಕಿಯನ್ನು ಆಹ್ವಾನಿಸಿದಂತೆ. ಕೆಲಸಕ್ಕೆ ಮೊದಲು ಬ್ಯಾಟರಿಯ ಋಣಧ್ರುವವನ್ನು ಕಳಚಿರಿ. ಧನಧ್ರುವವನ್ನು ಮೊದಲು ಬಿಚ್ಚಹೋದರೆ, ಸ್ಪ್ಯಾನರು ಕಾರಿನ ಮೈಗೆ ತಾಗಿ ಭಾರಿ ಪ್ರವಾಹವು ಹರಿಯಬಹುದು.

ಹಾರನ್ನಿನ ಆಯ್ಕೆಯಲ್ಲಿಯೂ ವಿವೇಕ ಬೇಕು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 119ನೆಯದು, ಒಂದಾದ ಮೇಲೊಂದು ಸ್ವರ ಹೊರಡಿಸುವ ಹಾರನ್ನುಗಳನ್ನೂ ಅತಿ ಕರ್ಕಶವಾದವನ್ನೂ ನಿಷೇಧಿಸಿದೆ. ಹಾರನ್ ಇರುವುದು ಎಚ್ಚರಿಸಲು, ಬೆದರಿಸಲು ಅಲ್ಲ.

ವಿದ್ಯಾರ್ಥಿಗಳಿಗೆ ಒಂದು ಲೆಕ್ಕ: ತುಕ್ಕು ಹಾಗೆಯೇ ಇರುವಾಗ ಒಂದು ಹಾರನ್ನನ್ನು ಕಳಚಿದರೆ ಉಳಿದುದಕ್ಕೆ ಎಷ್ಟು ವೋಲ್ಟ್ ದೊರೆಯುತ್ತದೆ? ಉತ್ತರವನ್ನು ಕಂಡುಕೊಂಡರೆ, ಜೊತೆಯಾಗಿ ಮೂಕವಾಗಿದ್ದ ಹಾರನ್ನುಗಳಲ್ಲಿ ಒಂದೇ ಇದ್ದಾಗ ಕೂಗಬಹುದಾದ ಸೋಜಿಗವೂ ನಿಮಗೆ ಅರ್ಥವಾಗುವುದು.