ಊರು ಕೇಳುವ ಮುಂಚೆ ನೀರು ಕೊಡೋಣ

ಆದಿಕಾಂಡ 16ನೇ ಅಧ್ಯಾಯ ತೆಗೆಯಿರಿ. ಮೊಬೈಲ್‌ನಲ್ಲಿ ಓದೋರು ನೋಟಿಫಿಕೇಶನ್ ಆಫ್ ಮಾಡಿ.

ಇಲ್ಲಿ ಹಾಗರಳು ಅನ್ನೋ ಹೆಣ್ಣುಮಗಳಿದ್ದಾಳೆ. ಐಗುಪ್ತದವಳು. ದಾಸಿ, ಗರ್ಭಿಣಿ. ಕಷ್ಟ ತಾಳಲಾರದೆ ಅರಣ್ಯಕ್ಕೆ ಓಡಿಹೋಗಿದ್ದಾಳೆ. ಒಂದು ವಿಷಯ ಗಮನಿಸಿದ್ದೀರಾ? ಅಬ್ರಾಮನಾಗಲಿ ಸಾರಯಳಾಗಲಿ ಮಾತಾಡುವಾಗ ಅವಳ ಹೆಸರು ಎತ್ತೋದೇ ಇಲ್ಲ. ಬರೀ ದಾಸಿ, ದಾಸಿ. ಮೊದಲ ಸಲ ಹೆಸರು ಹಿಡಿದು ಕರೆದವನು ಕರ್ತನ ದೂತನು. ಹೆಸರು ಹಿಡಿದ ಮೇಲೆಯೇ ಅವನು ಎಲ್ಲಿಂದ ಬಂದೆ, ಎಲ್ಲಿಗೆ ಹೊರಟೆ ಅಂತ ಕೇಳಿದ್ದು.

ಇದೇ ಪ್ರಶ್ನೆಯನ್ನು ಪೊಲೀಸರೂ ಕೇಳ್ತಾರೆ, ಬಾಡಿಗೆ ಮನೆ ಮಾಲೀಕರೂ ಕೇಳ್ತಾರೆ. ಪ್ರಶ್ನೆ ತಪ್ಪಲ್ಲ. ಆದರೆ ಎದುರಿಗೆ ಇರೋದು ಒಬ್ಬ ಮನುಷ್ಯ ಅನ್ನೋದನ್ನ ನೋಡಿ ಕೇಳ್ತೀವಾ, ನೋಡದೇ ಕೇಳ್ತೀವಾ? ಇವತ್ತಿನ ಪಾಠ ಇದು.

ಪ್ರಿಯರೇ, ಒಂದು ಘಟನೆ ಹೇಳ್ತೀನಿ. ಬೆಂಗಳೂರಿನ ಬೆಳ್ಳಂದೂರು ಹತ್ತಿರ ಕರಿಯಮ್ಮನ ಅಗ್ರಹಾರ ಅಂತ ಇದೆ. ಸುತ್ತ ದೊಡ್ಡ ಅಪಾರ್ಟ್‌ಮೆಂಟ್‌ಗಳು, ಐಟಿ ಕಂಪನಿಗಳು. ಆ ಅಪಾರ್ಟ್‌ಮೆಂಟ್‌ಗಳಲ್ಲಿ ಮನೆಗೆಲಸ, ಸೆಕ್ಯೂರಿಟಿ ಕೆಲಸ ಮಾಡೋರು, ಕಟ್ಟಡ ಕಾರ್ಮಿಕರು ಶೆಡ್ಡುಗಳಲ್ಲಿ ಇದ್ದರು. 2020ರ ಜನವರಿಯಲ್ಲಿ, ಇವರೆಲ್ಲ ಅಕ್ರಮ ಬಾಂಗ್ಲಾದೇಶಿಗಳು ಅನ್ನೋ ವಿಡಿಯೊ ಹರಿದಾಡಿತು. 18, 19ನೇ ತಾರೀಕು ಜೆಸಿಬಿ ಬಂತು, ಶೆಡ್ಡುಗಳು ನೆಲಸಮ ಆದವು.

ಅಲ್ಲಿದ್ದವರು ಯಾರು ಗೊತ್ತಾ? ಅಸ್ಸಾಂ, ತ್ರಿಪುರಾದವರ ಜೊತೆ ನಮ್ಮ ಉತ್ತರ ಕರ್ನಾಟಕದವರೂ ಇದ್ದರು. ಕನ್ನಡ ಮಾತಾಡೋ ಜನ! ಆಧಾರ್, ವೋಟರ್ ಐಡಿ ಹಿಡಿದು ತೋರಿಸಿದರು. ಪಿಯುಸಿಎಲ್ ಸಂಘಟನೆ ಹೈಕೋರ್ಟಿಗೆ ಹೋಯಿತು, ಅದೇ ತಿಂಗಳು ಕೋರ್ಟು ತೆರವಿಗೆ ತಡೆ ಕೊಟ್ಟಿತು. ಆದರೆ ಆಗಲೇ ಬಿದ್ದ ಮನೆ ಬಿದ್ದೇ ಹೋಗಿತ್ತು.

ಈಗ ನಮ್ಮ ಕಡೆ ನೋಡಿ. ಅದಕ್ಕೆ ಐದು ತಿಂಗಳ ಹಿಂದೆ, 2019ರ ಆಗಸ್ಟ್‌ನಲ್ಲಿ, ಕೃಷ್ಣಾ, ಘಟಪ್ರಭಾ ಎರಡೂ ತುಂಬಿ ಬಂದವು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲ್ಲೂಕಿನ ಹಳ್ಳಿಗಳಿಗೆ ನೀರು ನುಗ್ಗಿತು. ಅದಕ್ಕೂ ಮೊದಲು ಆಲಮಟ್ಟಿ ಹಿನ್ನೀರಿನಲ್ಲಿ ಬೀಳಗಿ ಕಡೆಯ ಎಷ್ಟೋ ಊರುಗಳೇ ಮುಳುಗಿದವು. ಹುಟ್ಟಿದ ಊರೇ ನೀರಿನ ಕೆಳಗಿರುವ ಅಜ್ಜನಿಗೆ ನಿನ್ನ ಊರು ಯಾವುದು, ಪೇಪರ್ ಎಲ್ಲಿ ಅಂದರೆ ಏನು ತೋರಿಸಬೇಕು? ಮಗ್ಗ ನಿಂತು ದುಡಿಯೋಕೆ ಗೋವಾಕ್ಕೋ ಬೆಂಗಳೂರಿಗೋ ಹೋದ ನೇಕಾರನ ಮಗ ಏನು ತೋರಿಸಬೇಕು? ಪೇಪರ್ ಇಲ್ಲದವನು ಅಂದರೆ ಬೇರೆ ಯಾರೋ ಅಂದುಕೊಳ್ಳಬೇಡಿ.

ಕೆಲವರು ಕೇಳ್ತೀರಿ: "ಪಾಸ್ಟರ್, ಹಾಗಾದರೆ ಗಡಿ ಬೇಡ್ವಾ, ಕಾನೂನು ಬೇಡ್ವಾ?" ಬೇಕು. ರೋಮಾಪುರದವರಿಗೆ ಬರೆದ ಪತ್ರಿಕೆಯ 13ನೇ ಅಧ್ಯಾಯ ನಾವು ಹರಿದು ಹಾಕಿಲ್ಲ. ದೇಶಕ್ಕೆ ಯಾರು ಬರ್ತಾರೆ ಅಂತ ನೋಡೋ ಅಧಿಕಾರ ಸರ್ಕಾರಕ್ಕಿದೆ. ಆದರೆ ಕಾನೂನಿಗೂ ಒಂದು ದಾರಿ ಇದೆ: ನೋಟಿಸು, ವಿಚಾರಣೆ, ಕೋರ್ಟು. ಸಂವಿಧಾನದ 21ನೇ ವಿಧಿ ಜೀವದ ರಕ್ಷಣೆಯನ್ನು ಬರೀ ನಾಗರಿಕರಿಗೆ ಕೊಟ್ಟಿಲ್ಲ, ಪ್ರತಿ ವ್ಯಕ್ತಿಗೂ ಕೊಟ್ಟಿದೆ. ಅವಸರ ಮಾಡಿದರೆ ಏನಾಗುತ್ತೆ? 2025ರಲ್ಲಿ ಪಶ್ಚಿಮ ಬಂಗಾಳದ ಕೆಲವು ಕೂಲಿಕಾರರನ್ನು ಬಾಂಗ್ಲಾದೇಶಿಗಳೆಂದು ಗಡಿಯಾಚೆ ದಾಟಿಸಿ, ಭಾರತೀಯರೆಂದು ತಿಳಿದ ಮೇಲೆ ವಾಪಸ್ ಕರೆತರಬೇಕಾಯಿತು.

ಸರಿ, ಅವನು ನಿಜವಾಗಿಯೂ ಹೊರದೇಶದವನೇ ಆಗಿದ್ದರೆ? ಹಾಗರಳೂ ಹೊರದೇಶದವಳೇ ಅಲ್ವಾ! 21ನೇ ಅಧ್ಯಾಯದಲ್ಲಿ ಅವಳ ನೀರು ತೀರಿಹೋಯಿತು, ಮಗ ಸಾಯೋ ಸ್ಥಿತಿ. ದೇವರು ಆ ಹುಡುಗನ ಅಳುವನ್ನು ಕೇಳಿ ಬಾವಿ ತೋರಿಸಿದನು. ಯಾಜಕಕಾಂಡ 19:34ರಲ್ಲಿ ಪರದೇಶಿಯನ್ನು ಸ್ವದೇಶದವನಂತೆ ಪ್ರೀತಿಸಲು ಹೇಳಿ, ಕಾರಣವನ್ನೂ ಕೊಡ್ತಾನೆ: ನೀವೂ ಒಮ್ಮೆ ಐಗುಪ್ತದಲ್ಲಿ ಪರದೇಶಿಗಳಾಗಿದ್ದಿರಿ.

ನನ್ನ ತಪ್ಪನ್ನೂ ಹೇಳ್ತೀನಿ. ಕಬ್ಬಿನ ಸೀಜನ್‌ನಲ್ಲಿ ಮಹಾರಾಷ್ಟ್ರದಿಂದ ಗ್ಯಾಂಗ್‌ಗಳು ನಮ್ಮ ಕಡೆ ಬರ್ತಾವೆ. ಹೊಲದ ಬದಿಯಲ್ಲೇ ಗುಡಿಸಲು, ಮಕ್ಕಳಿಗೆ ಶಾಲೆ ತಪ್ಪುತ್ತೆ. ಒಂದು ಮಧ್ಯಾಹ್ನ ಒಬ್ಬ ತಾಯಿ ಕೊಡ ಹಿಡಿದು ನಮ್ಮ ಗೇಟಿಗೆ ಬಂದಳು. ನಾನು ಮೊದಲು ಕೇಳಿದ್ದು, "ಯಾವ ಊರು? ಯಾರ ಹೊಲ?" ಆಮೇಲೆ ನೀರು ಕೊಟ್ಟೆ. ರಾತ್ರಿ ಪ್ರಾರ್ಥನೆಗೆ ಮೊಣಕಾಲೂರಿದಾಗ ಪವಿತ್ರಾತ್ಮನು ನನ್ನನ್ನು ಬಿಡಲಿಲ್ಲ. ನೀರು ಕೊಟ್ಟು ಆಮೇಲೆ ಕೇಳಬಹುದಿತ್ತಲ್ಲ?

ಈ ವಾರ ಮೂರು ಕೆಲಸ ಮಾಡಿ. ಒಂದು, "ಇವರು ಬಾಂಗ್ಲಾದವರು" ಅನ್ನೋ ವಿಡಿಯೊ ಬಂದರೆ ಫಾರ್ವರ್ಡ್ ಮಾಡಬೇಡಿ. ಕರಿಯಮ್ಮನ ಅಗ್ರಹಾರದ ಸುದ್ದಿಯಲ್ಲೂ ಹೀಗೇ ಒಂದು ವಿಡಿಯೊ ಇತ್ತು. ಎರಡು, ನಿಮ್ಮ ಮನೆಯಲ್ಲಿ, ಓಣಿಯಲ್ಲಿ ದುಡಿಯೋಕೆ ಹೊರಗೆ ಹೋಗುವವರ ದಾಖಲೆಗಳನ್ನು ಡಿಜಿಲಾಕರ್‌ಗೆ ಹಾಕಿಕೊಡಿ, ಹತ್ತು ನಿಮಿಷದ ಕೆಲಸ. ಮೂರು, ಯಾರನ್ನಾದರೂ ಹಿಡಿದು ಕೂರಿಸಿದ್ದಾರೆ ಅಂತ ಗೊತ್ತಾದರೆ ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100ಕ್ಕೆ ಫೋನ್ ಮಾಡಿ. ಬಂಧನದಲ್ಲಿರುವವರಿಗೂ ಮಹಿಳೆಯರಿಗೂ ಅಲ್ಲಿ ವಕೀಲರ ನೆರವು ಉಚಿತ.

ಮತ್ತೆ ಗೇಟಿಗೆ ಯಾರಾದರೂ ಕೊಡ ಹಿಡಿದು ಬಂದರೆ, ಮೊದಲು ನೀರು. ಆಮೇಲೆ ಹೆಸರು. ಊರು ಕಡೆಗೆ.

ಎದ್ದು ನಿಲ್ಲೋಣ, ಕಣ್ಣು ಮುಚ್ಚೋಣ. ತಂದೆಯೇ, ಯಾರೂ ನೋಡದ ಹಾಗರಳನ್ನು ನೀನು ನೋಡಿದಿ. ಇವತ್ತು ರಾತ್ರಿ ಮನೆ ಇಲ್ಲದೆ, ಪೇಪರ್ ಇಲ್ಲದೆ, ಭಯದಲ್ಲಿ ಮಲಗುವವರನ್ನು ನೋಡು. ಅವರನ್ನು ನೋಡುವ ಕಣ್ಣು ನಮಗೂ ಕೊಡು. ಯೇಸುವಿನ ನಾಮದಲ್ಲಿ, ಆಮೆನ್.