ಗಂಡನ ಮನೆ ಬಿಟ್ಟ ಮೇಲೂ ಉಳಿಯುವ ವಾಸದ ಹಕ್ಕು

ಗಂಡನ ಹಿಂಸೆ ತಾಳಲಾರದೆ ಹೊಸ್ತಿಲು ದಾಟಿದ ಮಾತ್ರಕ್ಕೆ ಹೆಣ್ಣಿನ ವಾಸದ ಹಕ್ಕು ಹೋಗುವುದಿಲ್ಲ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ, 2005ರ 17ನೇ ಕಲಮು ಆಕೆ ಸಂಸಾರ ಮಾಡಿದ ಮನೆಯಲ್ಲಿ ವಾಸಿಸುವ ಹಕ್ಕನ್ನು ಕೊಟ್ಟಿದೆ. ಖಾತೆ ಯಾರ ಹೆಸರಿನಲ್ಲಿದೆ ಎಂಬುದು ಇಲ್ಲಿ ಮುಖ್ಯವಲ್ಲ. ಬಾಡಿಗೆ ಮನೆಗೂ ಇದು ಸಲ್ಲುತ್ತದೆ. ಮಾವನ ಹೆಸರಿನ ಮನೆಯಲ್ಲಿ ಸೊಸೆಗೆ ಈ ಹಕ್ಕಿಲ್ಲವೆಂಬ ಹಳೆಯ ತೀರ್ಪನ್ನು ಸುಪ್ರೀಂ ಕೋರ್ಟ್ 2020ರ ಸತೀಶ್ ಚಂದರ್ ಅಹುಜಾ ಪ್ರಕರಣದಲ್ಲಿ ತಳ್ಳಿಹಾಕಿತು. ಆದರೆ ಇದು ವಾಸದ ಹಕ್ಕು, ಒಡೆತನವಲ್ಲ. ಹಬ್ಬಕ್ಕೆ ಹೋಗಿ ನಾಲ್ಕು ದಿನ ಇದ್ದು ಬಂದ ನೆಂಟರ ಮನೆ ಇದರ ಲೆಕ್ಕಕ್ಕೆ ಬಾರದು.

ಹೆಚ್ಚಿನವರು ಸೋಲುವುದು ನ್ಯಾಯಾಲಯದಲ್ಲಲ್ಲ, ಅಲ್ಲಿಗೆ ಹೋಗುವ ಮುನ್ನ ಹಾಕಿದ ಒಂದು ಸಹಿಯಿಂದ. ಠಾಣೆಯಲ್ಲೋ ಊರ ಹಿರಿಯರ ಪಂಚಾಯಿತಿಯಲ್ಲೋ ಬಾಂಡ್ ಪೇಪರ್ ಮುಂದಿಟ್ಟು "ಇಬ್ಬರೂ ಒಪ್ಪಿ ಬೇರೆಯಾಗಿದ್ದೇವೆ, ಮುಂದೆ ಯಾವ ಹಕ್ಕೂ ಕೇಳುವುದಿಲ್ಲ" ಎಂದು ಬರೆಸಿಕೊಳ್ಳುತ್ತಾರೆ. ದೂರು ಕೊಡಲು ಬಂದವಳಿಗೆ ಈ ಕಾಯ್ದೆಯ ಹಕ್ಕುಗಳನ್ನು ತಿಳಿಸುವುದು 5ನೇ ಕಲಮಿನಡಿ ಪೊಲೀಸರ ಕರ್ತವ್ಯ. ಅದನ್ನು ಬಿಟ್ಟು ಮುಚ್ಚಳಿಕೆ ಬರೆಸಲು ನಿಲ್ಲುವುದು ಅನ್ಯಾಯ. ಅದಕ್ಕೆ ದುಡ್ಡು ಪಡೆಯುವ ಮಧ್ಯವರ್ತಿಗಳದ್ದು ಇನ್ನೂ ದೊಡ್ಡ ಅನ್ಯಾಯ.

ಆ ಒಂದು ಸಾಲಿನ ಪೆಟ್ಟು ದೊಡ್ಡದು. ಪರಸ್ಪರ ಒಪ್ಪಿ ಬೇರೆ ವಾಸಿಸುವ ಹೆಂಡತಿಗೆ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿನಡಿ ಜೀವನಾಂಶವಿಲ್ಲ. ಹೊಡೆತಕ್ಕೆ ಹೆದರಿ ಓಡಿಬಂದವಳನ್ನು ಕಾಗದ ಒಪ್ಪಿ ಬಂದವಳನ್ನಾಗಿ ಮಾಡಿಬಿಡುತ್ತದೆ. ಈಗಾಗಲೇ ಸಹಿ ಹಾಕಿದವರು ಕೈಚೆಲ್ಲಬೇಕಿಲ್ಲ. ಕಾನೂನು ಕೊಟ್ಟ ಜೀವನಾಂಶದ ಹಕ್ಕನ್ನು ಕರಾರಿನಿಂದ ಕಿತ್ತುಕೊಳ್ಳಲಾಗದೆಂದು ಕರ್ನಾಟಕದಿಂದಲೇ ಹೋದ ನಾಗೇಂದ್ರಪ್ಪ ನಾಟಿಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದೆ. ಆದರೂ ಸಹಿ ಯಾವ ಒತ್ತಡದಲ್ಲಿ ಬಿತ್ತೆಂದು ಸಾಬೀತು ಮಾಡುವ ಹೊರೆ ಆಕೆಯ ಮೇಲೆ ಬೀಳುತ್ತದೆ. ಆಸ್ಪತ್ರೆಯ ಚೀಟಿ, ಗಾಯದ ಫೋಟೊ, ಬೆದರಿಕೆಯ ವಾಟ್ಸ್ಆ್ಯಪ್ ಸಂದೇಶ ಆಗ ನೆರವಿಗೆ ಬರುತ್ತವೆ.

ವಾಸದ ಹಕ್ಕಿನ ಅರ್ಜಿಯನ್ನು ಕೌಟುಂಬಿಕ ದೌರ್ಜನ್ಯ ಕಾಯ್ದೆಯ 12ನೇ ಕಲಮಿನಡಿ ಮ್ಯಾಜಿಸ್ಟ್ರೇಟ್ ಮುಂದೆ ನೇರವಾಗಿ ಸಲ್ಲಿಸಬಹುದು, ಸಂರಕ್ಷಣಾಧಿಕಾರಿಯ ಮೂಲಕವೂ ಸಲ್ಲಿಸಬಹುದು. ಕರ್ನಾಟಕದ ತಾಲ್ಲೂಕುಗಳಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ. ಅವರು "ಮೊದಲು ಎಫ್‌ಐಆರ್ ತನ್ನಿ" ಎಂದರೆ ಒಪ್ಪಬೇಕಿಲ್ಲ. ಕಾಯ್ದೆ ಅದನ್ನು ಕೇಳುವುದಿಲ್ಲ. ತವರಿನಲ್ಲಿದ್ದರೆ ತವರೂರಿನ ನ್ಯಾಯಾಲಯವೇ ಸಾಕು. ಮೊದಲ ವಿಚಾರಣೆ ಸಾಮಾನ್ಯವಾಗಿ 3 ದಿನದೊಳಗೆ ಆಗಬೇಕೆಂದು ಕಾನೂನಿದ್ದರೂ ನೋಟಿಸ್ ಜಾರಿಯಾಗದೆ ತಿಂಗಳುಗಳೇ ಕಳೆಯುತ್ತವೆ. ಅದಕ್ಕೇ 23ನೇ ಕಲಮಿನಡಿ ಮಧ್ಯಂತರ ಆದೇಶವನ್ನು ಅರ್ಜಿಯ ಜೊತೆಗೇ ಕೇಳಬೇಕು.

ಏನು ಬೇಕೆಂದು ಬಿಡಿಬಿಡಿಯಾಗಿ ಬರೆಯಬೇಕು: ಮನೆಯಿಂದ ಹೊರಹಾಕಕೂಡದು, ಮಾರಕೂಡದು, ಅಡವಿಡಕೂಡದು, ಸ್ತ್ರೀಧನ ಹಿಂದಿರುಗಿಸಬೇಕು. ನ್ಯಾಯಾಲಯದ ಆದೇಶ ಕೈಗೆ ಬರುವ ಮುನ್ನ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಹೆಂಡತಿಯ ತಕರಾರು ಮಾರಾಟವನ್ನು ತಡೆಯದು. ಆದೇಶ ಬಂದ ದಿನವೇ ಅದರ ಪ್ರತಿಯನ್ನು ಅಲ್ಲಿಗೂ ಸಾಲ ಕೊಟ್ಟ ಬ್ಯಾಂಕಿಗೂ ಮುಟ್ಟಿಸಿ ಸ್ವೀಕೃತಿ ಪಡೆಯಬೇಕು. ಹಿಂತಿರುಗಲು ಭಯವಿದ್ದರೆ ಅದೇ ಮಟ್ಟದ ಬೇರೆ ಮನೆ ಅಥವಾ ಬಾಡಿಗೆ ಕೇಳಬಹುದು. ಗಂಡನನ್ನೇ ಹೊರಗಿಡುವ ಆದೇಶವೂ ಸಾಧ್ಯ. ಅತ್ತೆ, ನಾದಿನಿಯರನ್ನು ಹಾಗೆ ಹೊರಹಾಕುವಂತಿಲ್ಲ. ಇತ್ತ ಅತ್ತೆ-ಮಾವ ಹಿರಿಯ ನಾಗರಿಕರ ಕಾಯ್ದೆಯಡಿ ಅರ್ಜಿ ಹಾಕಿ ಸೊಸೆಯನ್ನು ತೆರವುಗೊಳಿಸಲು ನೋಡಿದರೆ, ಆ ಕಾಯ್ದೆ ಸೊಸೆಯ ವಾಸದ ಹಕ್ಕನ್ನು ಅಳಿಸಿಹಾಕದು ಎಂದಿರುವ 2020ರ ಎಸ್. ವನಿತಾ ತೀರ್ಪನ್ನು ಮುಂದಿಡಬೇಕು. ಅದು ಬೆಂಗಳೂರಿನದೇ ಪ್ರಕರಣ.

ರಕ್ಷಣಾ ಆದೇಶ ಮೀರಿದರೆ 1 ವರ್ಷದವರೆಗೆ ಜೈಲು, 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದು. ವಕೀಲರ ಶುಲ್ಕ ಕೊಡಲಾಗದ ಚಿಂತೆ ಬೇಡ. ಆದಾಯ ಎಷ್ಟೇ ಇರಲಿ, ಮಹಿಳೆಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಉಚಿತ ವಕೀಲರು ಸಿಗುತ್ತಾರೆ, ಸಹಾಯವಾಣಿ 15100. ತುರ್ತು ನೆರವಿಗೆ 181.