ಹಿತ್ತಾಳೆ ಪಾತ್ರೆ, ಮಜ್ಜಿಗೆ ಹುಳಿ

ಅಕ್ಕಂದಿರೇ, ಅಡಿಗೆ ಮನೆಗೆ ಹೋಗೋಣ ಬನ್ನಿ. ಇವತ್ತಿನ ಪಾಠ ಅಲ್ಲೇ ಇದೆ.

ಗಟ್ಟಿ ತುಪ್ಪವನ್ನು ಒಲೆ ಪಕ್ಕ ಇಡ್ತೀವಿ. ಕರಗುತ್ತದೆ. ತಣ್ಣಗಾದರೆ ಮತ್ತೆ ಗಟ್ಟಿ. ತುಪ್ಪ ತುಪ್ಪವೇ. ಕೊಬ್ಬರಿ ತುರೀತೀವಿ. ತುರಿ ಮತ್ತೆ ಗಿಟುಕು ಆಗೋದಿಲ್ಲ. ಆದರೂ ಅದು ಕೊಬ್ಬರಿಯೇ. ರುಚಿಯೂ ಅದೇ. ರೂಪ ಮಾತ್ರ ಬದಲಾಯಿತು. ಇದು ಭೌತ ಬದಲಾವಣೆ.

ಹಾಲಿಗೆ ಹೆಪ್ಪು ಹಾಕ್ತೀವಿ. ಬೆಳಗ್ಗೆ ಮೊಸರು. ಸೌದೆ ಉರಿದು ಬೂದಿ ಆಗುತ್ತದೆ. ಇಲ್ಲಿ ಹೊಸ ವಸ್ತುವೇ ಹುಟ್ಟಿತು. ಇದು ರಾಸಾಯನಿಕ ಬದಲಾವಣೆ. ಹೆಸರು ಉದ್ದ. ನಾಲ್ಕು ಸಲ ಓದಿ, ನಾಲಿಗೆಗೆ ಒಗ್ಗುತ್ತದೆ.

ಒಂದು ಹಬ್ಬದ ದಿನ ನಮ್ಮ ಮನೆಯಲ್ಲಿ ಮಜ್ಜಿಗೆ ಹುಳಿ ಉಳಿಯಿತು. ಹಿತ್ತಾಳೆ ಪಾತ್ರೆಯಲ್ಲೇ ರಾತ್ರಿ ಬಿಟ್ಟೆವು. ಅದರ ಕಲಾಯಿ ಸವೆದಿತ್ತು. ನಮಗೆ ಗೊತ್ತಿತ್ತು. ಆಮೇಲೆ ಹಾಕಿಸಿದರಾಯಿತು ಅಂತ ಸುಮ್ಮನಿದ್ದೆವು. ಬೆಳಗ್ಗೆ ಪಾತ್ರೆಯ ಅಂಚಿಗೆ ಹಸಿರು ಕಟ್ಟಿತ್ತು. ಒರೆಸಿ, ಹುಳಿ ಕುದಿಸಿ ಬಡಿಸಿದೆವು. ಮಕ್ಕಳಿಗೆ ವಾಂತಿ, ಹೊಟ್ಟೆನೋವು. ಎತ್ತಿಕೊಂಡು ಆಸ್ಪತ್ರೆಗೆ ಓಡಿದೆವು. ಸಂಜೆ ಹೊತ್ತಿಗೆ ಸುಧಾರಿಸಿದರು.

ಆದದ್ದು ಏನು? ಹಿತ್ತಾಳೆಯಲ್ಲಿ ತಾಮ್ರ, ಸತು ಇವೆ. ಹುಳಿಯೂ ಗಾಳಿಯೂ ತಾಗಿದರೆ ತಾಮ್ರ ಬದಲಾಗಿ ಹಸಿರು ಕಿಲುಬು ಆಗುತ್ತದೆ. ಕಿಲುಬು ತಾಮ್ರವೂ ಅಲ್ಲ, ಹುಳಿಯೂ ಅಲ್ಲ. ಹೊಸ ವಸ್ತು. ಅದು ವಿಷ. ಕುದಿಸಿದರೆ ಹೋಗೋದಿಲ್ಲ.

ಹುಣಿಸೆಹಣ್ಣು ಹಾಕಿ ತಿಕ್ಕಿದರೆ ಹಿತ್ತಾಳೆ ಫಳಫಳ ಅನ್ನುತ್ತಲ್ಲ? ಅದೂ ಹುಳಿಯ ಕೆಲಸವೇ. ತಿಕ್ಕಿದ್ದನ್ನು ತೊಳೆದು ಚೆಲ್ತೀವಿ. ಪಾತ್ರೆ ಒಳಗಿನ ಹುಳಿಯನ್ನು ಉಣ್ತೀವಿ!

ಅದಕ್ಕೇ ಕಲಾಯಿ. ಕಲಾಯಿಯವರು ಪಾತ್ರೆ ಕಾಯಿಸಿ, ನವಸಾಗರ ಉದುರಿಸಿ, ತವರ ತೀಡ್ತಾರೆ. ತವರ 232 ಡಿಗ್ರಿ ಬಿಸಿಗೇ ಕರಗುತ್ತದೆ. ಆ ಬಿಸಿಗೆ ಹಿತ್ತಾಳೆ ಕರಗೋದಿಲ್ಲ. ಕರಗಿದ ತವರವನ್ನು ಹತ್ತಿಯಿಂದ ಒರೆಸಿದರೆ ಒಳಗೆಲ್ಲ ಹರಡುತ್ತದೆ. ಆರಿದ ಮೇಲೆ ಗಟ್ಟಿ. ತವರ ಕರಗಿದ್ದು, ಗಟ್ಟಿಯಾದದ್ದು ಯಾವ ಬದಲಾವಣೆ? ತುಪ್ಪವನ್ನು ನೆನೆದು ನೀವೇ ಹೇಳಿ. ಈ ಪದರ ಇದ್ದರೆ ಹುಳಿ ಹಿತ್ತಾಳೆಗೆ ತಾಗೋದಿಲ್ಲ. ತವರಕ್ಕೆ ಸೀಸ ಬೆರೆಸಬಾರದು. ಸೀಸವೂ ವಿಷ. ಕೇಳಿಯೇ ಹಾಕಿಸಿ.

ಈಗ ಕಲಾಯಿಯವರು ಊರಿಗೆ ಬರೋದು ಕಮ್ಮಿ. ಅಲ್ಲಿಯವರೆಗೆ ಆ ಪಾತ್ರೆಗೆ ಅಕ್ಕಿ, ಬೇಳೆ ತುಂಬಿಡಿ. ಸಾರು, ಹುಳಿ, ಮಜ್ಜಿಗೆಗೆ ಸ್ಟೀಲು ಇಲ್ಲವೇ ಮಣ್ಣಿನ ಪಾತ್ರೆ ಸಾಕು.

ಮನೆಯ ಹಿತ್ತಾಳೆ ಪಾತ್ರೆಗಳ ಒಳಗೆ ನೋಡಿ. ಬೆಳ್ಳಗಿದ್ದರೆ ಕಲಾಯಿ ಇದೆ. ಹಳದಿ ಕಂಡರೆ ಹೋಗಿದೆ. ಹಳದಿ ಕಂಡ ಪಾತ್ರೆಗಳ ಹೆಸರನ್ನು ನಾಳೆ ಬರೆದು ತನ್ನಿ.